ನಿಂಬೆಹಣ್ಣಿನ ತಂತಿ

ಲೈಟ್ ಹಾಕಿದರೆ ಸಾಕು, ಬಸಣ್ಣನವರ ಲಗೇಜ್ ಆಟೊದ ಫ್ಯೂಸ್ ಹಾರುತ್ತಿತ್ತು. ಹರಿಹರದ ಮೆಕ್ಯಾನಿಕ್‌ಗಳು ಕೈಬಿಟ್ಟ ಮೇಲೆ ದಾವಣಗೆರೆಗೆ, ನನ್ನ ಆಟೊ ವೈರಿಂಗ್ ಅಂಗಡಿಗೆ ತಂದರು.

"ಫ್ಯೂಸ್ ಬ್ಯಾಡ್ರಿ, ದಪ್ಪ ತಂತಿ ಹಾಕಿಬಿಡ್ರಿ" ಅಂದರು.

"ಗಾಡಿನೇ ಸುಡ್ತೈತ್ರಿ, ಸುಮ್ನೆ ಕೂಡ್ರಿ" ಅಂದೆ.

ಫ್ಯೂಸಿನ ಜಾಗಕ್ಕೆ ಒಂದು ಬಲ್ಬ್ ಸಿಕ್ಕಿಸಿ, ಲೈಟಿನ ಸ್ವಿಚ್ ಹಾಕಿದೆ. ಶಾರ್ಟ್ ಇರುವತನಕ ಅದು ಝಗಝಗ ಉರಿಯುತ್ತದೆ, ಶಾರ್ಟ್ ತಪ್ಪಿದರೆ ಮಂಕಾಗುತ್ತದೆ. ಒಂದೊಂದೇ ವೈರ್ ಅಲುಗಾಡಿಸಿದೆ. ಜಪ್ಪಯ್ಯ ಎಂದರೂ ಮಂಕಾಗಲಿಲ್ಲ. ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಕೈಗೆ ಅಡ್ಡ ಬಂತೆಂದು ಸರಿಸಿದೆ. ಬಲ್ಬ್ ತಟ್ಟನೆ ಮಂಕಾಯಿತು. ನಿಂಬೆಹಣ್ಣು ಪೋಣಿಸಿದ್ದ ಕಬ್ಬಿಣದ ತಂತಿ ಲೈಟಿನ ವೈರನ್ನು ಕೊಯ್ದು ಒಳಗೆ ಕೂತು, ಕರೆಂಟನ್ನು ಬಂಪರಿಗೆ ಹರಿಸುತ್ತಿತ್ತು.

ಆ ತಂತಿ ಕಿತ್ತು, ವೈರಿಗೆ ಟೇಪ್ ಸುತ್ತಿ, ಹೊಸ ಫ್ಯೂಸ್ ಹಾಕಿ, ಲೈಟ್ ಹಚ್ಚಿ, ಕುಸ್ತಿ ಗೆದ್ದವನಂತೆ ನಿಂತೆ.

ಬಸಣ್ಣ ಕೈಮುಗಿದರು, ನಿಂಬೆಹಣ್ಣಿಗೆ. "ಇದು ಇದ್ದದ್ದಕ್ಕ ದೃಷ್ಟಿ ಫ್ಯೂಸಿಗೆ ತಾಗಿ ಹೋತ್ರಿ. ಇಲ್ಲಾಂದ್ರ ಗಾಡಿಗೇ ತಾಗ್ತಿತ್ತು."

ಅದನ್ನು ದಾರದಲ್ಲಿ ಮತ್ತೆ ಕಟ್ಟಿಕೊಟ್ಟವನೂ ನಾನೇ.