ಮುಂದೆ ಇಳಿಯುವವಳು

ಬೆಟ್ಟದೂರು ಮಾರ್ಫಾದ ಇಂದ್ರಮಾಯಾ ತುಲಾಚನ್ ರಿಪೇರಿ ಮಾಡಿದ ಸೈಕಲನ್ನು ತಾನೇ ಒಮ್ಮೆ ಇಳಿಜಾರಿನಲ್ಲಿ ಓಡಿಸಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅದು ಅಪ್ಪನಿಂದ ಬಂದ ಪಾಠ. ಹೇಸರಗತ್ತೆಗಳ ಮೇಲೆ ಉಪ್ಪು, ಅಕ್ಕಿ ಸಾಗಿಸುತ್ತಿದ್ದ ಆತ, ಇಳಿಜಾರು ಬಂದಾಗ ಹೊರೆ ಕಟ್ಟಿದವನೇ ಹೇಸರಗತ್ತೆಯ ಮುಂದೆ ನಡೆಯಬೇಕು ಎನ್ನುತ್ತಿದ್ದ. ಗಂಟು ಜಾರಿದರೆ ಕಟ್ಟಿದವನ ಬೆನ್ನಿಗೇ ಬೀಳಲಿ ಎಂದು. ಹೇಸರಗತ್ತೆಗಳ ಕಾಲ ಮುಗಿದ ಮೇಲೆ ಇಂದ್ರಮಾಯಾ ಪೋಖರಾಕ್ಕೆ ಹೋಗಿ ಬೆಟ್ಟದ ಸೈಕಲ್ಲುಗಳ ಕೆಲಸ ಕಲಿತು ಬಂದಳು. ಅಂಗಡಿಯ ಅರ್ಧ ಅವಳದು, ಇನ್ನರ್ಧದಲ್ಲಿ ಗಂಡ ದಲ್‌ಬೀರನ ಮೋಟರ್‌ಸೈಕಲ್ ರಿಪೇರಿ.

ಆ ಶರತ್ಕಾಲ ಅವಳ ಅಣ್ಣನ ಮಗಳು ರಸ್ನಾ, ಲುಬ್ರಾದ ಇಳಿಜಾರಿನ ಸೈಕಲ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದಳು. ಊರಿನಿಂದ ಹುಡುಗಿಯೊಬ್ಬಳು ಸ್ಪರ್ಧೆಗೆ ಇಳಿಯುತ್ತಿದ್ದುದು ಅದೇ ಮೊದಲು. ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆ ಅವಳು ಸೈಕಲ್ಲನ್ನು ತಳ್ಳಿಕೊಂಡೇ ಬಂದಳು. ಮುಂದಿನ ಬ್ರೇಕಿನ ಹಿಡಿಕೆ ಒತ್ತಿದರೆ ವಾಪಸು ಬರುತ್ತಿರಲಿಲ್ಲ. ಚಕ್ರ ಉಜ್ಜಿಕೊಂಡೇ ತಿರುಗುತ್ತಿತ್ತು.

ಬ್ರೇಕಿನ ಎಣ್ಣೆಯಲ್ಲಿ ಗಾಳಿ ಸೇರಿದೆ ಎಂದುಕೊಂಡಳು ಇಂದ್ರಮಾಯಾ. ಆದರೆ ಗಾಳಿ ಸೇರಿದ್ದರೆ ಹಿಡಿಕೆ ಮೆತ್ತಗಾಗಬೇಕಿತ್ತು, ಇದು ಬಿಗಿದು ನಿಂತಿತ್ತು. ಪಿಚಕಾರಿಯಲ್ಲಿ ಸ್ವಲ್ಪ ಎಣ್ಣೆ ಎಳೆದಳು. ತಿಳಿಯಾಗಿ ಇರಬೇಕಾದದ್ದು ಮಜ್ಜಿಗೆ ನೀರಿನಂತೆ ಕದಡಿತ್ತು. ಅಡುಗೆಮನೆಯಿಂದ ಬಟ್ಟಲಲ್ಲಿ ನೀರು ತಂದು ಎರಡು ಹನಿ ಬಿಟ್ಟಳು. ಈ ಬ್ರೇಕಿನ ಎಣ್ಣೆ ನೀರಿನ ಮೇಲೆ ಗುಂಡಗೆ ತೇಲಬೇಕು. ತೇಲಿದ್ದು ಚೂರೇ ಚೂರು, ಉಳಿದದ್ದು ನೀರಿನಲ್ಲಿ ಕರಗಿ ಹೋಯಿತು. ನೀರಿಗೆ ಹಾಗೆ ಬೆರೆಯುವುದು ಮೋಟರ್‌ಸೈಕಲ್ಲಿನ ಬ್ರೇಕಿನ ದ್ರವ.

ಇಂದ್ರಮಾಯಾ ಅಂಗಡಿಯ ಆ ಬದಿಗೆ ನೋಡಿದಳು. ದಲ್‌ಬೀರ ಏನೋ ಹುಡುಕುವವನಂತೆ ಪೆಟ್ಟಿಗೆಯಲ್ಲಿ ತಲೆ ಹುದುಗಿಸಿದ.

“ಯಾವಾಗ ಹಾಕಿದ್ದು?”

“ಹೋದ ವಾರ. ನೀನು ಜೊಮ್‌ಸೋಮಿಗೆ ಹೋಗಿದ್ದೆ. ಹಿಡಿಕೆ ಮೆತ್ತಗಿದೆ ಅಂದ್ಲು ಹುಡುಗಿ, ಒಂದಿಷ್ಟು ತುಂಬಿಸ್ದೆ. ಬ್ರೇಕಿಗೆ ಬ್ರೇಕಿನ ಎಣ್ಣೆ ತಾನೆ ಬೂಢಿ?” ಹೆಂಡತಿಯನ್ನು ಅವನು ಸಲಿಗೆಯಿಂದ ಮುದುಕಿ ಎಂದೇ ಕರೆಯುತ್ತಿದ್ದ.

“ನಿನ್ನ ಗಾಡಿ ರಬ್ಬರು ಅದನ್ನ ಕುಡಿದು ಅರಗಿಸಿಕೊಳ್ಳುತ್ತೆ. ಇದು ಕುಡಿದ್ರೆ ಹೊಟ್ಟೆ ಉಬ್ಬಿಸ್ಕೊಂಡು ಕೂರುತ್ತೆ, ನಿಮ್ಮಣ್ಣ ಮದುವೆ ಮನೇಲಿ ಕೂರ್ತಾನಲ್ಲ, ಹಾಗೆ.”

ಎಲ್ಲ ತೊಳೆದು ಹೊಸ ಎಣ್ಣೆ ತುಂಬಿಸೋಣ ಎಂದ ದಲ್‌ಬೀರ. ಅವಳು ಬ್ರೇಕು ಬಿಚ್ಚಿ, ಒಳಗಿನ ರಬ್ಬರಿನ ಉಂಗುರವನ್ನು ಅವನ ಅಂಗೈಮೇಲೆ ಇಟ್ಟಳು. ಅದು ಉಬ್ಬಿ ಮೆತ್ತಗಾಗಿತ್ತು. ಇನ್ನು ತೊಳೆದು ಪ್ರಯೋಜನವಿರಲಿಲ್ಲ. ಹೊಸ ಉಂಗುರ ಪೋಖರಾದಿಂದ ಬರುವಷ್ಟರಲ್ಲಿ ಸ್ಪರ್ಧೆ ಮುಗಿದಿರುತ್ತಿತ್ತು.

ರಸ್ನಾ ಸೋದರತ್ತೆಯ ತೋಳು ಹಿಡಿದಳು. “ನಾಳೆ ಒಂದು ದಿನ ತಡೆಯಲ್ವಾ ಫುಪು? ಒಂದೇ ದಿನ.”

“ಬ್ರೇಕು ಬಿಸಿಯಾದಾಗ ಚಕ್ರಾನ ಕಚ್ಚಿ ಹಿಡಿಯುತ್ತೆ. ನಿನ್ನನ್ನ ಲುಬ್ರಾದ ಹೊಳೇಲಿ ಹುಡುಕೋಕೆ ನನಗೆ ಪುರುಸೊತ್ತಿಲ್ಲ.”

ಹಾಗೆಂದು ಇಂದ್ರಮಾಯಾ ಗೋಡೆಗೆ ಒರಗಿಸಿದ್ದ ತನ್ನ ಸೈಕಲ್ಲಿನ ಕಡೆ ನಡೆದಳು. ಪ್ರತಿವರ್ಷ ಸ್ಪರ್ಧೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದು ದಾರಿ ನೋಡಿ ಬರುವವಳು ಅವಳೇ. ಊರು ಅವಳಿಗೆ ಕೊಟ್ಟಿದ್ದ ಮರ್ಯಾದೆ ಅದು. ಎರಡೂ ಸೈಕಲ್ಲಿಗೆ ಒಂದೇ ಜಾತಿಯ ಬ್ರೇಕು. ಹಿಡಿಕೆ, ಕೊಳವೆ, ಚಕ್ರ ಹಿಡಿಯುವ ಭಾಗ, ಎಲ್ಲವನ್ನೂ ಇಡಿಯಾಗಿ ಕಳಚಿ ರಸ್ನಾಳದಕ್ಕೆ ಕೂರಿಸಿದಳು. ಡಿಸ್ಕನ್ನು ಒರೆಸಿದಳು. ನಾಳೆ ದಾರಿ ನೋಡಲು ಬೇರೆಯವರನ್ನು ಕಳಿಸಿ ಎಂದು ಸ್ಪರ್ಧೆ ನಡೆಸುವವರಿಗೆ ಹೇಳಿಕಳಿಸಿದಳು. ಆಮೇಲೆ ಮಧ್ಯಾಹ್ನದ ಗಾಳಿ ಏಳುವ ಮೊದಲೇ ರಸ್ನಾಳ ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಮೇಲೆ ಹೋಗಿ, ಪೂರ್ತಿ ಇಳಿಜಾರು ತಾನೇ ಇಳಿದಳು. ಕೆಳಗೆ ಕಾಯುತ್ತಿದ್ದ ರಸ್ನಾಳಿಗೆ ಸೈಕಲ್ ಒಪ್ಪಿಸುವಾಗ ಮುಖದ ತುಂಬ ದೂಳು. “ಈಗ ನಿಂದು” ಎಂದಳು, ಅಷ್ಟೆ.

ಮರುದಿನ ಅವಳು ಮೊದಲ ಬಾರಿ ಇಳಿಜಾರಿನ ಬುಡದಲ್ಲಿ ಜನರ ಜೊತೆ ನಿಂತಿದ್ದಳು. ಮೇಲಿನಿಂದ ಬರುತ್ತಿದ್ದ ಸೈಕಲ್ಲುಗಳ ಬ್ರೇಕುಗಳು ಹಿಡಿದ ಹಂದಿಗಳಂತೆ ಕಿರುಚುತ್ತಿದ್ದವು. ಕಡಿದಾದ ಕೊನೆಯ ತಿರುವಿನಲ್ಲಿ ಒಂದು ಸೈಕಲ್ ಮಾತ್ರ ಸದ್ದಿಲ್ಲದೆ ಬಾಗಿ, ಹಿಡಿದು, ಬಿಟ್ಟು, ಮುಂದೆ ನುಗ್ಗಿತು. ಮುಖ ಕಾಣುವ ಮೊದಲೇ ಇಂದ್ರಮಾಯಾಳಿಗೆ ಗೊತ್ತಾಯಿತು. ರಸ್ನಾ ಹುಡುಗಿಯರಲ್ಲಿ ಎರಡನೆಯವಳಾಗಿ ಬಂದಳು.

ಪಕ್ಕದಲ್ಲಿ ನಿಂತಿದ್ದ ಕಾಗ್‌ಬೇನಿಯ ಮುದುಕರೊಬ್ಬರು, ಆ ಸೈಕಲ್ಲಿನ ಬ್ರೇಕು ಕಟ್ಟಿದವರು ಯಾರು ಎಂದು ಕೇಳಿದರು. ಇಂದ್ರಮಾಯಾ ಬಾಯಿ ತೆರೆಯುವಷ್ಟರಲ್ಲಿ ದಲ್‌ಬೀರ ಎದೆಯುಬ್ಬಿಸಿ ಮುಂದೆ ಬಂದ.

“ಇವಳು, ನನ್ನ ಹೆಂಡತಿ. ಕೆಡಿಸಿದ್ದು ನಾನು.”