ಕಾಲುವೆಯ ಈಚೆಗೆ ನಿಂತ ನಕ್ಷೆ

ಶ್ರೀನಿವಾಸಪುರದ ಬಸ್ ನಿಲ್ದಾಣದಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡನೇ ಪಿಯುಸಿಯ ಭೂಗೋಳದ ವಿದ್ಯಾರ್ಥಿಗಳು, ನಮ್ಮ ಮೇಷ್ಟ್ರು, ಜೊತೆಗೆ ಒಂದು ಅಳತೆ ಟೇಪು. ಎಪ್ಪತ್ತರ ದಶಕದ ಕೊನೆಯ ಒಂದು ಜನವರಿ. ಮುಳಬಾಗಿಲಿಗೆ ಟಿಕೆಟ್ಟು ಒಂದೂವರೆ ರೂಪಾಯಿ ಎಂದು ನೆನಪು, ಆದರೆ ನನ್ನ ನೆನಪು ಇಂಥ ಅಂಕಿಗಳನ್ನು ಎಲ್ಲಿಂದಲೋ ತಂದು ಸೇರಿಸಿಕೊಳ್ಳುತ್ತದೆ. ರಸ್ತೆಯ ಎರಡೂ ಕಡೆ ಮಾವು ಹೂ ಬಿಟ್ಟಿತ್ತು ಎಂಬುದು ಮಾತ್ರ ಖಚಿತ. ಅದರ ಘಾಟಿಗೆ ಪಕ್ಕದಲ್ಲಿ ಕೂತಿದ್ದ ಗೆಳೆಯ ರಫೀಕ್ ದಾರಿಯುದ್ದಕ್ಕೂ ಸೀನುತ್ತಿದ್ದ.

ಹೋಗುತ್ತಿದ್ದುದು ಗ್ರಾಮ ಅಧ್ಯಯನಕ್ಕೆ. ಅದರ ವರದಿಯನ್ನು ಹಿಂದಿನ ವಾರವೇ ಬರೆದು ಮುಗಿಸಿದ್ದೆವು. ಹಾಗೆಯೇ ನಡೆದುಕೊಂಡು ಬಂದಿತ್ತು. ಎಂದೋ ಒಬ್ಬ ವಿದ್ಯಾರ್ಥಿ ತನ್ನ ಊರಿನ ಬಗ್ಗೆ ಬರೆದ ವರದಿಗೆ ಒಳ್ಳೆಯ ಅಂಕ ಬಂದಿತ್ತಂತೆ. ಅಂದಿನಿಂದ ಪ್ರತಿ ವರ್ಷ ಅದೇ ಊರು, ಅದೇ ವರದಿ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ರೆಕಾರ್ಡಿಗೆ ಇಳಿಸಿಕೊಳ್ಳುತ್ತಿದ್ದೆವು. ಊರಿಗೆ ಹೋಗಿ ಮಾಡಬೇಕಾದದ್ದು ನಕ್ಷೆಯೊಂದೇ. ಮರಳುವಾಗ ಮೇಷ್ಟ್ರು ಸಹಿ ಹಾಕುತ್ತಿದ್ದರು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಆ ಊರು ನನ್ನದೂ ಹೌದು. ‘ಗ್ರಾಮಕ್ಕೆ ಒಂದೇ ಬಾವಿ, ಎಲ್ಲರೂ ಅದರ ನೀರನ್ನೇ ಕುಡಿಯುತ್ತಾರೆ’ ಎಂಬ ವಾಕ್ಯವನ್ನು ನಾನೂ ದುಂಡಗೆ ಬರೆದಿದ್ದೆ. ನಮ್ಮ ಕೇರಿ ಕಾಲುವೆಯ ಆಚೆ. ಆ ಬಾವಿಯ ಹಗ್ಗವನ್ನು ನಮ್ಮವರು ಯಾರೂ ಮುಟ್ಟಿದವರಲ್ಲ. ಬರೆಯುವಾಗ ಕೈ ನಡುಗಿತೇ? ನಡುಗಿತು ಎಂದು ಈಗ ಹೇಳಿದರೆ ಅದು ಆಮೇಲೆ ಓದಿದ ಪುಸ್ತಕಗಳ ಕೊಡುಗೆ. ಅಂದು ಬೋರ್ಡಿನ ಮೇಲಿದ್ದುದೆಲ್ಲ ಪಾಠ, ಅಷ್ಟೆ.

ಮುಳಬಾಗಿಲಿನಲ್ಲಿ ಇಡ್ಲಿ ತಿಂದು ತಾಯಲೂರಿನ ಬಸ್ಸು ಹಿಡಿದೆವು. ಅಲ್ಲಿಂದ ಕೆರೆ ಏರಿಯ ಮೇಲೆ ನಡಿಗೆ. ಊರಿನಲ್ಲಿ ಬೀದಿ ಅಳೆದು ಪೆನ್ಸಿಲಿನಲ್ಲಿ ಮನೆಗಳನ್ನು ಗುರುತಿಸುವಷ್ಟರಲ್ಲಿ ಬಿಸಿಲೇರಿತು.

ಊಟ ದೊಡ್ಡಮನೆಯ ಜಗಲಿಯಲ್ಲಿ. ಯಜಮಾನರು ನನ್ನನ್ನು ಗುರುತು ಹಿಡಿದು, “ನೀನು ನಿಮ್ಮಮ್ಮನ್ನ ಮಾತಾಡ್ಸಿಕೊಂಡು ಬಾರಪ್ಪಾ, ಕಾಯ್ತಿರ್ತಾಳೆ” ಎಂದರು. ದನಿ ಮೆತ್ತಗಿತ್ತು. ಮೇಷ್ಟ್ರು ಎಲೆಗೆ ನೀರು ಚಿಮುಕಿಸುತ್ತಿದ್ದರು, ತಲೆಯೆತ್ತಲಿಲ್ಲ. ಬೀದಿಗಿಳಿದರೆ ಹಿಂದೆಯೇ ರಫೀಕ್.

“ನನ್ನ ಎಲೆ ಕೊಟ್ಟಿಗೆ ಕಡೆ ಹಾಕವ್ರೆ ಕಣೋ. ಎಮ್ಮೆ ಜೊತೆ ಏನ್ ಮಾತಾಡ್ಲಿ? ನಡಿ, ನಿಮ್ಮನೇಗೆ ಹೋಗೋಣ.”

ಅಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಉಂಡ ಮೇಲೆ ನಾನು ನಕ್ಷೆಯನ್ನು ಕಾಲುವೆಯಾಚೆಗೂ ಬೆಳೆಸಿದೆ. ಕೇರಿಯ ಮನೆಗಳನ್ನು ಹಾಕಿದೆ, ತೂಬಿನ ಪಕ್ಕದ ನಮ್ಮ ಬಾವಿಯನ್ನೂ ಹಾಕಿದೆ. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

“ನಮ್ದು ಯಾವುದ್ರಾ?”

ಒಂದು ಚೌಕ ತೋರಿಸಿದೆ.

“ಇಷ್ಟೇನಾ? ದೊಡ್ಮನೆ ಎಷ್ಟೈತೆ?”

“ಎಲ್ಲಾ ಇಷ್ಟಿಷ್ಟೇ ಅಮ್ಮಾ. ಮನೆ ಅಂದ್ರೆ ಒಂದು ಚೌಕ.”

“ಕಾಗದದಾಗೆ ಎಲ್ರುದೂ ಒಂದೇ ಅಳ್ತೆ. ಬಾಗುಂದಿ, ಚೆನ್ನಾಗೈತೆ,” ಎಂದು ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು. ಇದನ್ನು ಯಾರು ನೋಡುತ್ತಾರೆ ಎಂದು ಕೇಳಿದಳು. ಕೋಲಾರದಿಂದ ಪರೀಕ್ಷೆಯ ಸಾಹೇಬರು ಬಂದು ನೋಡುತ್ತಾರೆ ಎಂದೆ. ಆ ಮಾತು ಅವಳಿಗೆ ತುಂಬ ಹಿಡಿಸಿತು.

ಸಂಜೆ ಮುಳಬಾಗಿಲಿನ ನಿಲ್ದಾಣದಲ್ಲಿ ಶ್ರೀನಿವಾಸಪುರದ ಬಸ್ಸು ಕಾಯುತ್ತ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಕೂತು ಒಬ್ಬೊಬ್ಬರ ರೆಕಾರ್ಡಿಗೂ ಸಹಿ ಹಾಕಿದರು. ನನ್ನದು ಬಂದಾಗ ಪೆನ್ನು ನಿಂತಿತು.

“ಇದೇನಪ್ಪಾ, ಕಾಲುವೆ ದಾಟಿಬಿಟ್ಟಿದ್ದೀಯ?”

“ನಮ್ಮ ಕೇರಿ ಸಾರ್.”

“ಗೊತ್ತು ಕಣೋ. ವರದೀಲಿ ಒಂದೇ ಬಾವಿ ಅಂತಿದೆ. ನಕ್ಷೇಲಿ ಎರಡು ಬಂದ್ರೆ ಎಕ್ಸಾಮಿನರ್ ಕೇಳ್ತಾರೆ. ಆಮೇಲೆ ನಿನ್ನೊಬ್ಬಂದಲ್ಲ, ಎಲ್ಲಾರ ರೆಕಾರ್ಡೂ ಎಸೀತಾರೆ.”

“ಹಂಗಾದ್ರೆ ವರದೀನೇ ತಿದ್ದೋಣ ಸಾರ್.”

ಈ ಮಾತು ನಾನು ಆಡಿದ್ದೆಂದು ಎಷ್ಟೋ ವರ್ಷ ನಂಬಿದ್ದೆ. ಅದು ರಫೀಕ್ ಅಂದದ್ದು ಎಂದು ಈಗ ಅನಿಸುತ್ತದೆ. ಯಾರು ಅಂದಿದ್ದರೂ ಮೇಷ್ಟ್ರು ಸಿಟ್ಟಾಗಲಿಲ್ಲ. ಜೇಬಿನಿಂದ ರಬ್ಬರು ತೆಗೆದು, ಕಾಗದ ಹರಿಯದಂತೆ ಎಡಗೈಯಲ್ಲಿ ಒತ್ತಿ ಹಿಡಿದು, ಒಂದೊಂದೇ ಚೌಕವನ್ನು ತಾವೇ ಅಳಿಸಿದರು. ಬಾವಿಯನ್ನು ಕೊನೆಗೆ. ಪುಡಿಯನ್ನು ಊದಿ ಸಹಿ ಹಾಕಿದರು.

“ಒಳ್ಳೇ ಕೈ ನಿಂದು. ಮುಂದೂ ಭೂಗೋಳಾನೇ ತಗೋ,” ಎಂದರು. ಅದು ಮನಸಾರೆ ಹೇಳಿದ ಮಾತು. ತೆಗೆದುಕೊಂಡೆ ಕೂಡ, ವಿಶ್ವವಿದ್ಯಾಲಯದವರೆಗೂ.

ಬಸ್ಸಿನಲ್ಲಿ ರಫೀಕ್ ನನ್ನ ಕಡೆ ಪೆನ್ಸಿಲು ಚಾಚಿದ. ಸಹಿ ಬಿತ್ತಲ್ಲ, ಈಗ ಮತ್ತೆ ಹಾಕು ಎಂದ. ಎಲ್ಲರ ರೆಕಾರ್ಡೂ ಎಸೆಯುತ್ತಾರೆ ಎಂಬ ಮಾತು ಮುಂದಿನ ಸೀಟುಗಳಲ್ಲಿ ಕೂತಿತ್ತು. ಕೆಲವರು ಆಗಲೇ ತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನು ಪೆನ್ಸಿಲು ತೆಗೆದುಕೊಳ್ಳಲಿಲ್ಲ. ಮುಳಬಾಗಿಲಿನ ಬೆಟ್ಟದ ಬಂಡೆಗಳ ಮೇಲಿಂದ ಬೆಳಕು ಇಳಿದುಹೋಗಿತ್ತು. ಅಮ್ಮ ಆ ಹೊತ್ತಿಗೆ ಕೇರಿಯ ಮನೆಮನೆಯ ಮುಂದೂ ನಿಂತು, ಕಾಗದದಲ್ಲಿ ನಮ್ಮವೂ ದೊಡ್ಡಮನೆಯೂ ಒಂದೇ ಅಳತೆ ಎಂದು ಹೇಳುತ್ತಿದ್ದಿರಬೇಕು.