ಕಿಟಕಿಗೆ ಹೊಡೆದ ಪಂಪು

ಮೊಮ್ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ದಮ್ಮು ಹಿಡಿಯಿತು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಇನ್‌ಹೇಲರಿಗೆ ಎಲ್ಲರೂ ಪಂಪು ಎನ್ನುತ್ತಾರೆ. ಉಬ್ಬಸ ಇರಲಿ, ಇಲ್ಲದಿರಲಿ, ಬೆಳಿಗ್ಗೆ ಒಂದು, ಸಂಜೆ ಒಂದು ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಮಗಳು, ಅಳಿಯ ಏಳು ಗಂಟೆಗೇ ಲೋಕಲ್ ಟ್ರೇನ್ ಹಿಡಿಯುವವರು. ಹೋಟೆಲ್ ಕೆಲಸ ಬಿಟ್ಟು ಮನೆಯಲ್ಲಿದ್ದ ನನ್ನ ಪಾಲಿಗೆ ಅದು ಬಂತು.

"ಅಪ್ಪ, ಪಂಪಿನ ಮಾಸ್ಕ್ ಮುಖಕ್ಕೆ ಒತ್ತಿ ಹಿಡಿಯಿರಿ. ಸಂದಿ ಬಿಟ್ಟರೆ ಮದ್ದೆಲ್ಲ ಹೊರಗೆ ಹೋಗ್ತದೆ. ಹತ್ತು ಉಸಿರು ಎಣಿಸಿ" ಎಂದು ಮಗಳು ತೋರಿಸಿಕೊಟ್ಟಳು.

"ಇಡೀ ಹೋಟೆಲ್ ಸಂಭಾಳಿಸಿದವನಿಗೆ ಒಂದು ಪಂಪು ಹೇಳಿಕೊಡ್ತೀಯಾ?" ಎಂದು ನಕ್ಕಿದ್ದೆ.

ಮಗು ಒದ್ದಾಡಿತು. ಟವೆಲ್ಲಿನಲ್ಲಿ ಕೈಕಾಲು ಸುತ್ತಿ, ತೊಡೆಯ ಮೇಲೆ ಅದುಮಿಟ್ಟು, ಮಾಸ್ಕ್ ಒತ್ತಿದೆ. ಚೀರಿತು. ಅಳುವಾಗ ಉಸಿರು ಜೋರಾಗಿ ಎಳೆಯುತ್ತಾಳೆ, ಮದ್ದು ಸೀದಾ ಒಳಗೆ ಇಳಿಯುತ್ತದೆ ಎಂದು ನನ್ನ ಲೆಕ್ಕ. ಹತ್ತು ದಿನ ಹೀಗೇ ನಡೆಯಿತು. ಆಮೇಲೆ ನಾನು ಬರಿಗೈಯಲ್ಲಿ ಹತ್ತಿರ ಹೋದರೂ ಅವಳು ಎರಡೂ ಅಂಗೈಯಿಂದ ಬಾಯಿ ಮೂಗು ಮುಚ್ಚಿಕೊಳ್ಳತೊಡಗಿದಳು.

ಅದನ್ನು ನೋಡಲಾಗಲಿಲ್ಲ. ಎದುರುಮನೆಯ ಹೆಂಗಸು, "ಅಜ್ಜಾ, ಪಂಪ್ ಕೀ ಆದತ್ ಪಡ್ ಜಾಯೇಗೀ, ಒಮ್ಮೆ ಚಟ ಹತ್ತಿದರೆ ಸಾಯುವತನಕ ಬಿಡಲ್ಲ" ಎಂದಳು. ಅದನ್ನು ನಂಬಿದೆ ಎಂದು ಬರೆದರೆ ಸುಳ್ಳಾದೀತು. ಆ ಮಾತು ನನಗೆ ಬೇಕಾಗಿತ್ತು.

ಪಂಪಿನ ಹಿಂದೆ ಉಳಿದ ಡೋಸಿನ ನಂಬರು ಕಾಣುತ್ತದೆ. ಮಗಳು ಆದಿತ್ಯವಾರ ಅದನ್ನು ನೋಡುತ್ತಿದ್ದಳು. ನಾನು ಬೆಳಿಗ್ಗೆ ಒಂದು, ಸಂಜೆ ಒಂದು, ತಪ್ಪದೆ ಕಿಟಕಿಯ ಹೊರಗೆ ಹೊಡೆದೆ. ನಂಬರು ಸರಿಯಾಗಿ ಇಳಿಯಿತು. ಮಗು ಮತ್ತೆ ನನ್ನ ತೊಡೆಯೇರಿತು, ನನ್ನ ತಟ್ಟೆಯಿಂದ ನೀರುದೋಸೆ ಕಿತ್ತು ತಿಂದಿತು. ಎರಡು ತಿಂಗಳು ನಾನು ಸುಖವಾಗಿದ್ದೆ.

ಚಳಿ ಶುರುವಾಗಿ ಹೊರಗೆ ಹೊಗೆ ಕವಿದ ಒಂದು ಮಧ್ಯಾಹ್ನ ಅವಳ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳತೊಡಗಿತು. ತುಟಿ ನೀಲಿ. ರಿಕ್ಷಾದಲ್ಲಿ ಅವಳಿಗೆ ಅಳಲೂ ಉಸಿರಿರಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. "ಮದ್ದು ದಿನಾ ಕೊಡ್ತಿದ್ರಾ?" ಎಂದು ಡಾಕ್ಟರು ಕೇಳಿದರು.

"ಒಂದು ದಿನವೂ ತಪ್ಪಿಲ್ಲ ಡಾಕ್ಟ್ರೇ. ನಮ್ಮಪ್ಪ ಕೊಡ್ತಾರೆ" ಎಂದಳು ಮಗಳು, ನನ್ನ ಬೆನ್ನ ಮೇಲೆ ಕೈಯಿಟ್ಟು.

ನಾನು ಸುಮ್ಮನಿದ್ದೆ. ಕೊಟ್ಟ ಮದ್ದು ಸಾಲುತ್ತಿಲ್ಲ ಎಂದುಕೊಂಡು ಅವರು ಇನ್ನೂ ಜೋರಿನದನ್ನು ಬರೆದರು. ಆಗಲೂ ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ನರ್ಸ್ ಮಗುವಿನ ಸಣ್ಣ ಕೈಯಲ್ಲಿ ಸೂಜಿ ಚುಚ್ಚಲು ಎರಡನೆಯ ಸಲ ನರ ಹುಡುಕುತ್ತಿದ್ದಾಗ, ಎರಡು ತಿಂಗಳಿಂದ ಮದ್ದು ಕೊಟ್ಟಿಲ್ಲವೆಂದು ಮಗಳಿಗೆ ಬಾಯಿಬಿಟ್ಟೆ.

"ನಂಬರ್ ಇಳೀತಿತ್ತಲ್ಲ ಅಪ್ಪ?"

"ಕಿಟಕಿಗೆ ಹೊಡೆದೆ ಮಗಾ."

ಅವಳು ಎದ್ದು ಹೋಗಿ ಡಾಕ್ಟರಿಗೆ ಹೇಳಿ ಬಂದಳು, ನನ್ನಿಂದ ದೂರದ ಕುರ್ಚಿಯಲ್ಲಿ ಕುಳಿತಳು. ಅಳುವ ಮಗುವಿಗೆ ಮದ್ದು ಒಳಗೆ ಹೋಗುವುದೇ ಕಡಿಮೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅಂದರೆ ಅದುಮಿ ಹಿಡಿದ ಆ ಹತ್ತು ದಿನವೂ ದಂಡವೇ.

ಮಗು ಬದುಕಿತು. ಮಗಳು ಕೆಲಸ ಬಿಟ್ಟಳು. ಈಗ ಅವಳೇ ಮೊದಲು ಗೊಂಬೆಗೆ ಮಾಸ್ಕ್ ಹಿಡಿದು, ಆಮೇಲೆ ಮಗುವಿಗೆ ಕೊಡುತ್ತಾಳೆ. ಒಂದು ನಿಮಿಷದ ಕೆಲಸ. ಆ ಹೊತ್ತಿಗೆ, "ಅಪ್ಪ, ನೀವು ಸ್ವಲ್ಪ ಹೊರಗಿರಿ" ಎನ್ನುತ್ತಾಳೆ. ಪ್ಯಾಸೇಜಿನಲ್ಲಿ ನಿಂತು ಹತ್ತರವರೆಗೆ ಎಣಿಸುತ್ತೇನೆ. ಬಾಗಿಲು ತೆರೆದಾಗ, ಮಾಸ್ಕಿನ ಪಕ್ಕ ಕುಳಿತ ಮಗು ನನ್ನನ್ನು ನೋಡಿ ಮೊದಲಿನಂತೆ ಬಾಯಿ ಮೂಗು ಮುಚ್ಚಿಕೊಳ್ಳುತ್ತದೆ.